ಮೈಲುತುತ್ತದ ನೀಲಿ ಎಲ್ಲಿ ಹೋಗ್ತದ?

ಬೀದರ್‌ನಾಗ ಬಿದ್ರಿ ಕೆಲಸ, ಅಂದ್ರ ಕರಿ ಲೋಹದ ಮ್ಯಾಲ ಬೆಳ್ಳಿ ತಂತಿ ಕೂಡಿಸೋದು, ಹತ್ರದಿಂದ ನೋಡಿದವರು ಇದನ್ನ ಗಮನಿಸಿರ್ತಾರ. ಎರಕ ಹೊಯ್ದ ಹೂಜಿನೋ ಡಬ್ಬಿನೋ ಅರದಿಂದ ಉಜ್ಜಿ ನುಣ್ಣಗ ಮಾಡಿದ ಮ್ಯಾಲ ಬೆಳ್ಳಗ ಹೊಳೀತಿರ್ತದ, ಅದಕ್ಕ ಕಾರೀಗರು ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಸವರ್ತಾರ, ನೀರು ನೋಡಿದ್ರ ಚಂದನ್ನ ನೀಲಿ ಆದ್ರ ಸವರಿದ ಕೂಡ್ಲೇ ಲೋಹ ಕರ್ರಗ ಆಗಿ ಕೂಡ್ತದ. ಕೊರೆದ ಗೆರಿ ಬೆಳ್ಳಗ ಎದ್ದು ಕಾಣ್ಲಿ ಅಂತ ಈ ಟೆಂಪರರಿ ಕಪ್ಪು.

ಪಿಯುಸಿಯಾಗ ಇದನ್ನೆಲ್ಲ ಒಂದು ಟೇಬಲ್ ಮಾಡಿ ಕೊಟ್ಟುಬಿಡ್ತಾರ, ಕಾಪರ್ ಸಲ್ಫೇಟ್ ನೀಲಿ, ಜಿಂಕ್ ಸಲ್ಫೇಟಿಗೆ ಬಣ್ಣಿಲ್ಲ, ಬಾಯಿಪಾಠ ಹೊಡೀರಿ ಅಂತ. ನನಗ ಈ ಟೇಬಲ್ ಮ್ಯಾಲ ಭಾಳ ಸಿಟ್ಟದ ನೋಡ್ರಿ, ಯಾಕಂದ್ರ ಮೈಲುತುತ್ತ ಎಲ್ಲಾ ಟೈಮ್ ನೀಲಿ ಇರಂಗೇ ಇಲ್ಲ. ಹರಳಿನಾಗ ಒಂದು ಕಾಪರ್ ಸಲ್ಫೇಟಿಗೆ 5 ನೀರಿನ ಅಣು ಇರ್ತಾವ, ಚೆನ್ನಾಗಿ ಕಾಸಿ ನೀರೆಲ್ಲ ಓಡಿಸಿದ್ರ ಬೂದಿಯಂಗ ಬಿಳಿ ಪುಡಿ ಉಳೀತದ, ಮತ್ತ ಒಂದು ಹನಿ ನೀರು ಬಿಟ್ರ ನೀಲಿ ವಾಪಸ್. ಅಮೋನಿಯಾ ಜಾಸ್ತಿ ಹಾಕಿದ್ರಂತೂ ಶಾಯಿಯಂಥ ಕಡು ನೀಲಿ. ತಾಮ್ರ ಅದೇ, ಸುತ್ತ ಕೂತವರು ಬೇರೆ.

ಕಾಪರ್ ಅಯಾನು ಅಂದ್ರ ಎರಡು ಎಲೆಕ್ಟ್ರಾನ್ ಕಳಕೊಂಡ ತಾಮ್ರದ ಪರಮಾಣು. ಅದರಾಗ ಎಲೆಕ್ಟ್ರಾನ್ ಇರೋ ಡಿ ಆರ್ಬಿಟಲ್ ಅನ್ನೋ ಮನಿಗಳಾಗ 10 ಎಲೆಕ್ಟ್ರಾನಿಗೆ ಜಾಗ, ಇರೋವು 9. ಸುತ್ತಲಿನ ನೀರಿನ ಅಣುಗಳು ಈ ಆರ್ಬಿಟಲ್‌ಗಳನ್ನ ಒಂದೇ ಎತ್ತರದಾಗ ಇರಾಕ ಬಿಡಂಗಿಲ್ಲ, ಕೆಲವು ಮ್ಯಾಲ ಕೆಲವು ಕೆಳಗ ಆಗ್ತಾವ, ಕೆಳಗಿನ ಎಲೆಕ್ಟ್ರಾನ್ ಮ್ಯಾಲಿನ ಖಾಲಿ ಜಾಗಕ್ಕ ಜಿಗೀಬೇಕಂದ್ರ ಬೇಕಾಗೋ ಶಕ್ತಿ ಕೆಂಪು ಬೆಳಕಿನಾಗ ಅದ. ಹಂಗಾಗಿ ಬಿಸಲಿನಾಗಿನ ಕೆಂಪು ಅದು ನುಂಗ್ತದ, ಉಳಿದದ್ದು ನಮ್ಮ ಕಣ್ಣಿಗೆ ನೀಲಿ. ಅಮೋನಿಯಾ ಬಂದ್ರ ಆ ಎತ್ತರದ ವ್ಯತ್ಯಾಸ ಇನ್ನೂ ಹೆಚ್ಚಾಗ್ತದ, ಆಗ ನುಂಗೋದು ಕಿತ್ತಳೆ-ಹಳದಿ ಕಡೆ ಸರೀತದ.

ಜಿಂಕಿಗೆ ಡಿ ಎಲೆಕ್ಟ್ರಾನ್ 10ಕ್ಕ 10, ಸೀಟೆಲ್ಲ ಭರ್ತಿ ಆದ ಭಾಲ್ಕಿ ಬಸ್ಸಿನಂಗ, ಎದ್ದು ಬೇರೆ ಸೀಟಿಗೆ ಹೋಗ್ತೀನಂದ್ರ ಖಾಲಿನೇ ಇಲ್ಲ. ಕಣ್ಣಿಗೆ ಕಾಣೋ ಬೆಳಕು ಯಾವುದೂ ನುಂಗಂಗಿಲ್ಲ, ಅದಕ್ಕೇ ಜಿಂಕ್ ಸಲ್ಫೇಟ್ ನೀರು ತಿಳಿ.

ಈಗ ಬಿದ್ರಿಗೆ ಬರ್ರಿ. ಅದರ ಲೋಹದಾಗ ಹೆಚ್ಚು ಪಾಲು ಜಿಂಕ್, ತಾಮ್ರ ಸ್ವಲ್ಪೇ ಸ್ವಲ್ಪ. ಮೈಲುತುತ್ತ ತಾಗಿದ್ರ ಜಿಂಕ್ ತನ್ನ ಎಲೆಕ್ಟ್ರಾನ್ ಕಾಪರ್ ಅಯಾನಿಗೆ ಕೊಟ್ಟು ತಾನು ನೀರಿಗೆ ಇಳೀತದ, ಕಾಪರ್ ಲೋಹ ಆಗಿ ಮೈಮ್ಯಾಲ ಕೂಡ್ತದ, ಭಾಳ ಸಣ್ಣ ಸಣ್ಣ ಕಣ ಆದ್ದರಿಂದ ತಾಮ್ರದ ಕೆಂಪು ಹೊಳಪು ಕಾಣಂಗಿಲ್ಲ, ಕಪ್ಪೇ. ನೀಲಿ ಕೊಡ್ತಿದ್ದ ಅಯಾನೇ ಇಲ್ಲ ಅಂದಮ್ಯಾಲ ನೀಲಿ ಎಲ್ಲಿಂದ ಬರಬೇಕು? ಕಡೀಕ ಕೋಟೆ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಹಚ್ಚಿ ತರೋ ಖಾಯಂ ಕಪ್ಪಿನ ಕಥಿ ಬೇರೆ, ಅದು ಬೆಳ್ಳಿ ತಂತಿಗೆ ಹತ್ತಂಗಿಲ್ಲ ಅನ್ನೋದೇ ಬಿದ್ರಿಯ ಸೊಗಸು.

ಹಂಗಂತ ಎಲ್ಲಾ ಬಣ್ಣಕ್ಕೂ ಡಿ ಎಲೆಕ್ಟ್ರಾನೇ ಕಾರಣ ಅನ್ಕೋಬ್ಯಾಡ್ರಿ. ಬಾವಿಗೆ ಹಾಕ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟಿನಾಗ ಮ್ಯಾಂಗನೀಸ್ ಹತ್ರ ಡಿ ಎಲೆಕ್ಟ್ರಾನ್ ಒಂದೂ ಇರಂಗಿಲ್ಲ, ಆದ್ರೂ ಎಂಥ ನೇರಳೆ! ಅಲ್ಲಿ ಬಾಜೂಕಿನ ಆಕ್ಸಿಜನ್ ಎಲೆಕ್ಟ್ರಾನೇ ಮ್ಯಾಂಗನೀಸಿಗೆ ಜಿಗೀತದ, ಹಸಿರು ಬೆಳಕು ನುಂಗ್ತದ, ಮತ್ತ ಈ ನಮೂನಿ ಜಿಗಿತ ತಾಮ್ರದ ಜಿಗಿತಕ್ಕಿಂತ ಎಷ್ಟೋ ಪಟ್ಟು ಜೋರು. ಒಂದು ಚಿಟಿಕಿ ಹಾಕಿದ್ರ ಇಡೀ ಬಕೆಟ್ ಬಣ್ಣ ತಿರುಗ್ತದ, ಅಷ್ಟೇ ಮೈಲುತುತ್ತ ಹಾಕಿದ್ರ ನೀಲಿ ಅದ ಅಂತ ಗೊತ್ತೂ ಆಗಂಗಿಲ್ಲ.