ಗೊಟ್ಟ ಬೇಡ ಕಾಕಾ

ಅಪ್ಪ ಗಂಗಾವತಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಟಾಂಗಾ ಹೋಯ್ತು, ಅಪ್ಪನೂ ಹೋದರು. ಕುದುರೆ ಸಾಕುವುದು ಮಾತ್ರ ಮನೆಯಲ್ಲಿ ಉಳೀತು. ಈಗ ಇರುವವಳು ಚಾಂದನಿ. 16 ವರ್ಷದ ಹೆಣ್ಣು ಕುದುರೆ. ಮದುವೆ ಮೆರವಣಿಗೆಗೆ ಕರೆದುಕೊಂಡು ಹೋಗುತ್ತೇನೆ.

ಕಳೆದ ಬೇಸಿಗೆಯಲ್ಲಿ ಕಾರಟಗಿಯಿಂದ ಮೆರವಣಿಗೆ ಮುಗಿಸಿಕೊಂಡು ಬಂದಾಗ ಮಧ್ಯಾಹ್ನ ಆಗಿತ್ತು. ಬಿಸಿಲು ಸುಡುತ್ತಿತ್ತು. ಬೆಳಗಿನಿಂದ ಅವಳು ಸರಿಯಾಗಿ ನೀರು ಕುಡಿದಿರಲಿಲ್ಲ. ತೌಡನ್ನು ನೀರಲ್ಲಿ ಕಲಸಿ, ನೆನೆಯಲು ಬಿಟ್ಟು, ಆಮೇಲೆ ಕೊಡುವುದು ಅಪ್ಪನ ಕಾಲದ ಪದ್ಧತಿ. ಅವತ್ತು ಅವಸರಕ್ಕೆ ಒಣ ತೌಡನ್ನೇ ಬಕೆಟ್‌ಗೆ ಸುರಿದು ಮುಂದಿಟ್ಟೆ. ತಪ್ಪು ನನ್ನದೇ. ಅಕ್ಕಿ ಗಿರಣಿಗಳ ಊರು ನಮ್ಮದು, ತೌಡಿಗೆ ಬರವಿಲ್ಲ. ಆದರೆ ಅದು ಹಿಟ್ಟಿನಷ್ಟು ನುಣ್ಣಗಿರುತ್ತದೆ. ಕುದುರೆಗೆ ಜೊಲ್ಲು ಊರುವುದೇ ಅಗಿಯುವಾಗ. ಹಸಿದ ಕುದುರೆ ಅಗಿಯದೆ ಗಬಗಬ ನುಂಗಿದರೆ ಆ ತೌಡು ಅರ್ಧ ಒಣಗಿದಂತೆಯೇ ಗಂಟಲಿಳಿದು, ಅಲ್ಲೇ ಉಂಡೆ ಕಟ್ಟುತ್ತದೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳು ತಿನ್ನುವುದು ನಿಲ್ಲಿಸಿದ್ದಳು. ಕುತ್ತಿಗೆ ಮುಂದಕ್ಕೆ ಚಾಚುತ್ತಿದ್ದಳು, ಮತ್ತೆ ಎದೆಗೆ ಎಳೆದುಕೊಳ್ಳುತ್ತಿದ್ದಳು. ಕೆಮ್ಮು ಬೇರೆ. ಆಮೇಲೆ ಎರಡೂ ಮೂಗಿನಿಂದ ತೌಡು ಬೆರೆತ ನೊರೆ ಸುರಿಯಿತು. ನನ್ನ ಕಾಲಲ್ಲಿ ಶಕ್ತಿ ಉಳಿಯಲಿಲ್ಲ. ಉಸಿರೇ ನಿಂತು ಹೋಗುತ್ತದೆ ಅಂದುಕೊಂಡೆ.

ಪಕ್ಕದ ಮನೆ ಕಾಕಾ ಓಡಿ ಬಂದರು. ಎತ್ತು ಸಾಕಿದ ಕೈ ಅವರದು. ಒಂದು ಕೈಯಲ್ಲಿ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ, ಇನ್ನೊಂದರಲ್ಲಿ ಕುಸುಬಿ ಎಣ್ಣೆ. "ತಮ್ಮಾ, ತಲಿ ಮ್ಯಾಲೆ ಎತ್ತಿ ಹಿಡಿ, ಎಣ್ಣಿ ಹಾಕಿದ್ರ ಜಾರಿ ಹೋಗತೈತಿ" ಅಂದರು. ನಾನು ಹಗ್ಗ ಹಿಡಿದೂ ಬಿಟ್ಟಿದ್ದೆ. ಅಷ್ಟರಲ್ಲಿ ಪಶು ಡಾಕ್ಟರ್ ಫೋನ್ ಎತ್ತಿದರು. ಅವರ ಮೊದಲ ಮಾತೇ ಇದು: "ಬಾಯಾಗ ಏನೂ ಹಾಕಬ್ಯಾಡ್ರಿ. ಎಣ್ಣಿ, ನೀರು, ಏನೂ ಬ್ಯಾಡ. ಬಕೆಟ್ ತಗದು, ತಲಿ ಕೆಳಗ ಬಿಡ್ರಿ."

ಕಾಕಾ ಗೊಟ್ಟ ಬಾಯಿ ಹತ್ತಿರ ತಂದಿದ್ದರು. "ಗೊಟ್ಟ ಬ್ಯಾಡ ಕಾಕಾ" ಅಂದೆ. ದೊಡ್ಡವರ ಕೈ ತಡೆಯುವುದು ಸುಲಭವಲ್ಲ. ಅವರ ಅವಸರಕ್ಕೂ ಕಾರಣ ಇತ್ತು. ಹಿಂದೆ ಅವರ ಎತ್ತಿನ ಗಂಟಲಿಗೆ ಗೆಣಸು ಸಿಕ್ಕಿ, ಹೊಟ್ಟೆ ಉಬ್ಬಿ ಸತ್ತಿತ್ತು. ಮೆಲುಕು ಹಾಕುವ ದನಕ್ಕೆ ತೇಗು ಹೊರಗೆ ಬರದಿದ್ದರೆ ಗಾಳಿ ತುಂಬಿಕೊಳ್ಳುತ್ತದೆ. ಆಗ ನಿಜವಾಗಿಯೂ ಹೊತ್ತಿಲ್ಲ. ಕುದುರೆಗೆ ಹಾಗಾಗುವುದಿಲ್ಲ. ಮೇವು ಸಿಕ್ಕಿರುವುದು ಅನ್ನನಾಳದಲ್ಲಿ. ಉಸಿರಿನ ದಾರಿ ಬೇರೆ, ಅದು ತೆರೆದೇ ಇರುತ್ತದೆ. ಮೂಗಿನಿಂದ ಸುರಿದದ್ದು ನೋಡಿ ನಾನು ತಪ್ಪು ತಿಳಿದಿದ್ದೆ. ಕುದುರೆಯ ಗಂಟಲಿನ ರಚನೆಯೇ ಹಾಗೆ, ಹಿಂದಕ್ಕೆ ಬಂದ ಮೇವು ಬಾಯಿಗಿಂತ ಮೂಗಿನಲ್ಲೇ ಇಳಿಯುತ್ತದೆ. ಇಂಥ ಹೊತ್ತಲ್ಲಿ ತಲೆ ಎತ್ತಿ ಎಣ್ಣೆ ಹೊಯ್ದರೆ, ಕೆಳಗೆ ದಾರಿ ಇಲ್ಲದೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ನ್ಯುಮೋನಿಯಾ ಆಗುತ್ತದೆ. ಉಂಡೆಗಿಂತ ಅದೇ ದೊಡ್ಡ ಅಪಾಯ.

ಡಾಕ್ಟರ್ ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ಸುಮ್ನೆ ನಿಲ್ಲುವುದು ಎಂಥ ಕಷ್ಟ ಅಂತ ಹೇಳಲಾರೆ. ಬೇವಿನ ನೆರಳಲ್ಲಿ ನಿಲ್ಲಿಸಿ ಹಣೆ ಸವರುತ್ತಾ ಇದ್ದೆ. ಪಕ್ಕೆ ನೋಡಿ ಉಸಿರು ಎಣಿಸಲು ಹೇಳಿದ್ದರು. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 8ರಿಂದ 16 ಇರಬೇಕು. ಇವಳಿಗೆ 22 ಇತ್ತು, ಆಮೇಲೆ 18ಕ್ಕೆ ಇಳಿಯಿತು. ಕುತ್ತಿಗೆಯ ಎಡಗಡೆ ಬೆರಳಾಡಿಸಿದರೆ ಗಟ್ಟಿ ಗಂಟು ಸಿಗುತ್ತಿತ್ತು. ಹಿಚುಕಲಿಲ್ಲ. ಕೆಲವು ಸಲ ಅದು ತಾನಾಗಿ ಕರಗಿ ಇಳಿಯುತ್ತದಂತೆ. ನಮ್ಮದು ಇಳಿಯಲಿಲ್ಲ.

ಡಾಕ್ಟರ್ ಬಂದು ಮಂಪರಿನ ಇಂಜೆಕ್ಷನ್ ಕೊಟ್ಟರು. ಐದು ನಿಮಿಷದಲ್ಲಿ ಅವಳ ತಲೆ ಮೊಣಕಾಲಿನವರೆಗೆ ಜೋತುಬಿತ್ತು. ಅದೇ ಬೇಕಿತ್ತು. ಮೂಗಿನಿಂದ ಉದ್ದದ ಪೈಪ್ ಇಳಿಸಿ, ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಬಿಟ್ಟರು. ನೀರು ಹೋಗುವುದು, ತೌಡಿನ ರಾಡಿ ಆಗಿ ವಾಪಸ್ ಬರುವುದು. ಎಷ್ಟು ಕೊಡ ಖಾಲಿಯಾಯಿತೋ, ಹೊತ್ತು ತಂದವರು ಕಾಕಾ. ಮುಕ್ಕಾಲು ಗಂಟೆಯ ಮೇಲೆ ಪೈಪ್ ಒಮ್ಮೆಲೇ ಸರಾಗವಾಗಿ ಹೊಟ್ಟೆಗೆ ಇಳಿಯಿತು. ಪೈಪಿನ ತುದಿಯಿಂದ ಹುಳಿ ವಾಸನೆ ಬಂತು. ಅಂಥ ಒಳ್ಳೆ ವಾಸನೆ ನಾನು ಮೂಸಿಲ್ಲ.

ಆಮೇಲಿನ ದಿನಗಳನ್ನೂ ಹೇಳಬೇಕು. ಗಂಟಲ ಒಳಗೆ ಊತ ಇರುತ್ತದೆ, ಒಣಮೇವು ಕೊಟ್ಟರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮೊದಲು ಗಂಜಿಯ ಹಾಗೆ ತೆಳ್ಳಗೆ ಕಲಸಿದ ತೌಡು, ಆಮೇಲೆ ಎಳೆ ಹಸಿಹುಲ್ಲು. ಒಂದು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಿದೆ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೂಡಲೇ ಫೋನ್ ಮಾಡಿ ಅಂದಿದ್ದರು. ದಾಟಲಿಲ್ಲ.

ಈಗ ತೌಡು ನೆನೆಯದೆ ಬಕೆಟ್ ಕೊಟ್ಟಿಗೆಗೆ ಹೋಗುವುದಿಲ್ಲ. ಬಕೆಟ್‌ನಲ್ಲಿ ತುಂಗಭದ್ರೆಯಿಂದ ತಂದ ಎರಡು ಗುಂಡುಕಲ್ಲು ಇಟ್ಟಿದ್ದೇನೆ, ಅವಳ ಬಾಯಿಗೆ ಹಿಡಿಯದಷ್ಟು ದೊಡ್ಡವು. ಅವುಗಳ ಸುತ್ತ ಹುಡುಕಿ ಹುಡುಕಿ ತಿನ್ನುತ್ತಾಳೆ, ಗಬಗಬ ನುಂಗಲು ಆಗುವುದಿಲ್ಲ.

ಒಂದು ಕೆಲಸ ಬಾಕಿ ಇದೆ. ಅವತ್ತು ಡಾಕ್ಟರ್ ಬಾಯಿ ತೆರೆಸಿ ನೋಡಿದಾಗ ದವಡೆ ಹಲ್ಲುಗಳ ಅಂಚು ಚೂಪಾಗಿದ್ದವು. ಅಗಿಯಲು ನೋವಾಗಿಯೇ ಅವಳು ಅರ್ಧಂಬರ್ಧ ನುಂಗುತ್ತಿದ್ದಳೇನೋ. ಕುದುರೆ ಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ವರ್ಷಕ್ಕೊಮ್ಮೆ ನೋಡಿಸಿ ಅರದಿಂದ ಉಜ್ಜಿಸಬೇಕು. ಮುಂದಿನ ಕೆಲವನ್ನು ಉಜ್ಜಿದ್ದಾರೆ. ತೀರಾ ಹಿಂದಿನವಕ್ಕೆ ಉದ್ದ ಹಿಡಿಕೆಯ ಅರ ಬೇಕಂತೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಆ ಕೆಲಸ ಮಾಡುವ ಪಶುವೈದ್ಯರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮುಂಚೆ ಮಾಡಿಸಬೇಕು.