ಸಂತ ಜೆರಾರ್ಡರ ನೊವೆನಾ, ಗೆಳತಿಯ ಪ್ರಶ್ನೆ

ಐದನೇ ತಿಂಗಳ ಸ್ಕ್ಯಾನ್ ನೋಡಿದ ಡಾಕ್ಟರ್, ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿದೆ ಅಂದರು. ಗರ್ಭ ಬೆಳೆದಂತೆ ಎಷ್ಟೋ ಜನರಿಗೆ ಅದು ಮೇಲಕ್ಕೆ ಸರಿಯುತ್ತದೆ, ಸರಿಯದಿದ್ದರೆ ಆಪರೇಷನ್, ರಕ್ತ ಕಂಡರೆ ತಕ್ಷಣ ಬನ್ನಿ ಎಂದೂ ಹೇಳಿದರು. ಅಮ್ಮನಿಗೆ ಫೋನ್ ಮಾಡಿದೆ. "ಡಾಕ್ಟರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡು. ಇವತ್ತಿಂದಲೇ ಸಂತ ಜೆರಾರ್ಡರ ನೊವೆನಾ ಶುರು ಮಾಡೋಣ, ನಾನಿಲ್ಲಿ, ನೀನಲ್ಲಿ" ಅಂದಳು. ನೊವೆನಾ ಅಂದರೆ ಒಂಬತ್ತು ದಿನ ಬಿಡದೆ ಹೇಳುವ ಪ್ರಾರ್ಥನೆ.

ಜೆರಾರ್ಡ್ ಮಜೆಲ್ಲಾ ಇಟಲಿಯವರು. 1726ರಲ್ಲಿ ಹುಟ್ಟಿದ ದರ್ಜಿಯ ಮಗ. ರಿಡೆಂಪ್ಟರಿಸ್ಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯಲ್ಲಿ ಬ್ರದರ್ (ಪಾದ್ರಿಯಲ್ಲದ ಸನ್ಯಾಸಿ) ಆಗಿದ್ದರು, ತೀರಿಕೊಂಡಾಗ ಬರೀ 29 ವರ್ಷ. ಅವರ ಕತೆಯೊಂದನ್ನು ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದಳು. ಯಾರದೋ ಮನೆಯಲ್ಲಿ ಅವರು ಕರವಸ್ತ್ರ ಬಿಟ್ಟು ಹೊರಟರಂತೆ. ಆ ಮನೆಯ ಹುಡುಗಿ ಅದನ್ನು ಹಿಡಿದು ಹಿಂದೆಯೇ ಓಡಿದಳು. "ನಿನ್ನ ಹತ್ತಿರವೇ ಇರಲಿ, ಮುಂದೆ ಬೇಕಾಗಬಹುದು" ಎಂದರಂತೆ. ವರ್ಷಗಳಾದ ಮೇಲೆ ಹೆರಿಗೆಯಲ್ಲಿ ಅವಳ ಜೀವಕ್ಕೇ ಅಪಾಯವಾದಾಗ ಆ ಕರವಸ್ತ್ರ ತರಿಸಿಕೊಂಡಳು, ಮಗು ಸುಖವಾಗಿ ಹುಟ್ಟಿತು. ಅವರ ಹಬ್ಬ ಅಕ್ಟೋಬರ್ 16.

ನನ್ನನ್ನು ನೋಡಲು ಗೆಳತಿಯೊಬ್ಬಳು ಬಂದಳು. ಇದೇ ನೊವೆನಾವನ್ನು ಅವಳೂ ಹೇಳಿದ್ದಳು. ಏಳನೇ ತಿಂಗಳಲ್ಲಿ ಅವಳ ಮಗು ಹೋಯಿತು. "ನನ್ನ ಪ್ರಾರ್ಥನೆ ಸಾಲದೆ ಹೋಯ್ತಾ?" ಅಂತ ಕೇಳಿದಳು. ನಂಬಿಕೆ ಗಟ್ಟಿ ಇರಬೇಕಿತ್ತು ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ನನಗೆ ತುಂಬಾ ಸಿಟ್ಟು ಬಂತು. ಮಗು ಕಳೆದುಕೊಂಡವಳಿಗೆ ಆಡುವ ಮಾತಾ ಅದು? ಸಂತರು ತಾವೇ ವರ ಕೊಡುವವರಲ್ಲ, ನಮ್ಮ ಪರವಾಗಿ ದೇವರನ್ನು ಬೇಡುವವರು. ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚ್, ಕಲಿಸುವುದೂ ಇದನ್ನೇ ಅಲ್ವಾ?

ಆಮೇಲೆ ಇಬ್ಬರೂ ಸಂತ ಜಾನ್ನಾ ಬೆರೆಟ್ಟಾ ಮೊಲ್ಲಾ ಅವರ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು. ಅವರೂ ಇಟಲಿಯವರು, ಮಕ್ಕಳ ಡಾಕ್ಟರ್. 1961ರಲ್ಲಿ ಬಸುರಿಯಾಗಿದ್ದಾಗ ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸಿತು. ಗರ್ಭಕೋಶವನ್ನೇ ತೆಗೆಸಿದರೂ ಧರ್ಮಸಭೆಯ ಅಡ್ಡಿ ಇರಲಿಲ್ಲ. ಅವರು ಗೆಡ್ಡೆ ಮಾತ್ರ ತೆಗೆಸಿಕೊಂಡು ಮಗುವನ್ನು ಉಳಿಸಿಕೊಂಡರು. 1962ರ ಏಪ್ರಿಲ್ 21ರಂದು ಮಗಳು ಹುಟ್ಟಿದಳು. ವಾರ ಕಳೆಯುವಷ್ಟರಲ್ಲಿ ತಾಯಿ ಸೋಂಕಿನಿಂದ ತೀರಿಕೊಂಡರು. 2004ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಜಾನ್ನಾ ಅವರನ್ನು ಸಂತರೆಂದು ಘೋಷಿಸಿದಾಗ ಆ ಮಗಳು ಅಲ್ಲೇ ಇದ್ದರು. ಈ ಕತೆ ಹಿಡಿದು ಬೇರೆ ಹೆಂಗಸರನ್ನು ಒತ್ತಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅವರ ಮನೆಯವರೂ ತಾಯಿ ಉಳಿಯಲಿ ಅಂತ ಬೇಡಿಕೊಂಡಿರಲೇಬೇಕು. ಅವರ ಭಕ್ತಿ ಕಮ್ಮಿ ಎನ್ನುವವರು ಯಾರಿದ್ದಾರೆ? ಗೆಳತಿ ಅವತ್ತು ಮನಸಾರೆ ಅತ್ತಳು.

ನನ್ನ ಮಾಸು ಮೇಲೆ ಸರಿಯಲೇ ಇಲ್ಲ. ಆಪರೇಷನ್ ದಿನ ಸಂತ ರೇಮಂಡ್ ನೊನ್ನಾಟಸ್ ನೆನಪಾದರು. 13ನೇ ಶತಮಾನದ ಸಂತ, ಸೂಲಗಿತ್ತಿಯರ ಪಾಲಕ. ತೀರಿಹೋದ ತಾಯಿಯ ಹೊಟ್ಟೆ ಕೊಯ್ದು ಅವರನ್ನು ಹೊರತೆಗೆದರಂತೆ. ನಾನು ಪ್ರಾರ್ಥಿಸಿದ್ದು ಡಾಕ್ಟರ ಕೈಗಳಿಗಾಗಿ. ಹೊರಗೆ ಅಮ್ಮನೂ ಗೆಳತಿಯೂ ಜಪಸರ ಹೇಳುತ್ತಿದ್ದರು.

ಮಗಳು ಹುಟ್ಟಿದಳು, ಇಬ್ಬರೂ ಕ್ಷೇಮ. ಚರ್ಚಿನಲ್ಲಿ ಕೃತಜ್ಞತೆಯ ಬಲಿಪೂಜೆ (ಮಾಸ್) ಹೇಳಿಸುವಾಗ ಗೆಳತಿಯನ್ನು ಕೇಳಿ ಅವಳ ಮಗುವಿನ ಹೆಸರನ್ನೂ ಬರೆಸಿದೆ.