ಕಾರಿ ಕಾಂಟೆಲ್ ಮತ್ತು ರಕ್ತದ ಚೀಲದ ಬಿಳಿ ಗೆರೆ

ದಾನಿಯಿಂದ ಪಡೆದ ರಕ್ತದ ಚೀಲವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಹೊರತೆಗೆದಾಗ ಅದು ಮೂರು ಪದರಗಳಾಗಿ ನಿಂತಿರುತ್ತದೆ. ಮೇಲೆ ತಿಳಿಹಳದಿ ಪ್ಲಾಸ್ಮಾ, ಕೆಳಗೆ ಗಾಢ ಕೆಂಪು ಕಣಗಳು, ಅವೆರಡರ ನಡುವೆ ಮಾಸಲು ಬಿಳಿಯ ಒಂದು ತೆಳುವಾದ ಗೆರೆ. ರಕ್ತನಿಧಿಯಲ್ಲಿ ಕೆಲಸ ಮಾಡುವವರು ಅದನ್ನು ಬಫಿ ಕೋಟ್ ಎನ್ನುತ್ತಾರೆ. ಬಿಳಿ ರಕ್ತಕಣಗಳು ಬಂದು ಸೇರುವುದು ಅಲ್ಲಿಯೇ. ರೋಗಿಗೆ ಕೊಡುವ ಕೆಂಪು ಕಣಗಳ ಜೊತೆ ಅವೂ ಹೋದರೆ ಕೆಲವರಿಗೆ ಚಳಿ, ಜ್ವರ ಕಾಣಿಸಿಕೊಳ್ಳುವುದರಿಂದ ಆದಷ್ಟು ಬೇರ್ಪಡಿಸಿ ತೆಗೆಯುತ್ತಾರೆ. ತಂತ್ರಜ್ಞೆಯಾಗಿ ಕಳೆದ ವರ್ಷಗಳಲ್ಲಿ ಇಂಥ ಎಷ್ಟು ಗೆರೆಗಳನ್ನು ವಿಲೇವಾರಿಯ ಡಬ್ಬಕ್ಕೆ ಹಾಕಿದ್ದೇನೋ ಲೆಕ್ಕವಿಲ್ಲ. ಹಾಗಾಗಿಯೇ, ಇದೇ ಬಿಳಿ ಪದರವನ್ನು ತನ್ನ ದೇಶದ ರಕ್ತದಾನಿಗಳಿಂದ ಕೂಡಿಸಿಕೊಂಡು, ವರ್ಷಗಟ್ಟಲೆ ಅದರಿಂದ ಒಂದು ಮದ್ದನ್ನು ತಯಾರಿಸಿದ ಫಿನ್ಲೆಂಡಿನ ವೈರಾಣು ವಿಜ್ಞಾನಿ ಕಾರಿ ಕಾಂಟೆಲ್ ಅವರ ವೃತ್ತಿಜೀವನ ನನಗೆ ಬಹಳ ಹತ್ತಿರದ್ದೆನಿಸುತ್ತದೆ.

ಆ ಮದ್ದಿನ ಹೆಸರು ಇಂಟರ್‌ಫೆರಾನ್. ಅದು ಪತ್ತೆಯಾದದ್ದು 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ. ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜಾನ್ ಲಿಂಡೆನ್‌ಮನ್ ಅವರು ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದ ಪೊರೆಯ ತುಣುಕುಗಳ ಜೊತೆ ಇರಿಸಿದರು. ಆಮೇಲೆ ಆ ದ್ರವವನ್ನು ಬೇರೆ ತಾಜಾ ಪೊರೆಗಳಿಗೆ ಹಾಕಿದಾಗ, ಅವುಗಳಲ್ಲಿ ಜೀವಂತ ವೈರಸ್ ಬೆಳೆಯಲು ಆಗಲಿಲ್ಲ. ಒಂದು ವೈರಸ್ ಮತ್ತೊಂದರ ಬೆಳವಣಿಗೆಗೆ ಅಡ್ಡಿಯಾಗುತ್ತದೆಂಬುದು ಮೊದಲೇ ತಿಳಿದಿತ್ತು. ಆ ಅಡ್ಡಿಯನ್ನು ಉಂಟುಮಾಡುವುದು ವೈರಸ್ ಅಲ್ಲ, ಜೀವಕೋಶವೇ ಸ್ರವಿಸುವ ಒಂದು ವಸ್ತು ಎಂಬುದು ಹೊಸ ಸಂಗತಿ. ಇಂಗ್ಲಿಷಿನಲ್ಲಿ ಅಡ್ಡಿ ಎಂಬರ್ಥದ ಪದದಿಂದಲೇ ಅದಕ್ಕೆ ಹೆಸರು ಬಂತು. ಆದರೆ ಸಿಗುತ್ತಿದ್ದ ಪ್ರಮಾಣ ಎಷ್ಟು ಅಲ್ಪವಾಗಿತ್ತೆಂದರೆ, ಇದೆಲ್ಲ ಭ್ರಮೆಯಿರಬೇಕೆಂದು ಹಲವು ವಿಜ್ಞಾನಿಗಳು ಹಾಸ್ಯ ಮಾಡಿದ್ದುಂಟು. ಐಸಾಕ್ಸ್ 1967ರಲ್ಲಿ, ಇನ್ನೂ 45ರ ವಯಸ್ಸಿನಲ್ಲಿ ತೀರಿಕೊಂಡರು. ತಾವು ಕಂಡುಹಿಡಿದ ವಸ್ತು ಮದ್ದಾಗುವುದನ್ನು ಅವರು ನೋಡಲಿಲ್ಲ.

ಪ್ರಮಾಣ ಅಲ್ಪವಾಗಿದ್ದುದರ ಜೊತೆಗೆ ಇನ್ನೊಂದು ತೊಡಕೂ ಇತ್ತು. ಕೋಳಿಯ ಜೀವಕೋಶದಿಂದ ಬಂದ ಇಂಟರ್‌ಫೆರಾನ್ ಮನುಷ್ಯನಿಗೆ ಉಪಯೋಗಕ್ಕೆ ಬಾರದು. ಮನುಷ್ಯನಿಗೆ ಬೇಕಾದದ್ದನ್ನು ಮನುಷ್ಯನ ಜೀವಕೋಶಗಳಿಂದಲೇ ಪಡೆಯಬೇಕು. ರಕ್ತದಿಂದ ಬೇರ್ಪಡಿಸಿದ ಮನುಷ್ಯನ ಬಿಳಿ ಕಣಗಳು ಇಂಟರ್‌ಫೆರಾನ್ ಉತ್ಪಾದಿಸುತ್ತವೆಂದು 1961ರಲ್ಲಿ ಸಂಶೋಧಕ ಐಯಾನ್ ಗ್ರೆಸರ್ ತೋರಿಸಿದರು. ಹೆಲ್ಸಿಂಕಿಯಲ್ಲಿ ಕಾಂಟೆಲ್ ಹಿಡಿದದ್ದು ಈ ದಾರಿಯನ್ನು. ಯಾವ ವೈರಸ್ಸಿನಿಂದ ಕೆರಳಿಸಿದರೆ ಬಿಳಿ ಕಣಗಳು ಅತಿ ಹೆಚ್ಚು ಇಂಟರ್‌ಫೆರಾನ್ ಕೊಡುತ್ತವೆ ಎಂದು ಪರೀಕ್ಷಿಸಿ, ಜಪಾನಿನ ನಗರವೊಂದರ ಹೆಸರು ಹೊತ್ತ ಸೆಂಡೈ ವೈರಸ್ಸನ್ನು ಅವರು ಆರಿಸಿಕೊಂಡರು. ಬಿಳಿ ಪದರವನ್ನು ಫಿನ್ಲೆಂಡಿನ ರೆಡ್ ಕ್ರಾಸ್ ರಕ್ತಸೇವೆ ಒದಗಿಸಿತು.

ತಯಾರಿಕೆಯ ವಿಧಾನವನ್ನು ಓದುವಾಗ ನನ್ನ ಕೈಗಳಿಗೆ ಪರಿಚಯವಿರುವ ಕೆಲಸಗಳೇ ಕಾಣುತ್ತವೆ. ಬಿಳಿ ಪದರದಲ್ಲಿ ಉಳಿದ ಕೆಂಪು ಕಣಗಳನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆಯಬೇಕು; ಬಿಳಿ ಕಣಗಳನ್ನು ತೊಳೆದು, ದೇಹದ ಉಷ್ಣತೆಯಲ್ಲಿ ಕದಡುತ್ತ ಇರಿಸಬೇಕು; ಮೊದಲು ಸ್ವಲ್ಪ ಇಂಟರ್‌ಫೆರಾನ್ ಸೇರಿಸಿ ಅವುಗಳನ್ನು ಅಣಿಗೊಳಿಸಿ, ಆಮೇಲೆ ಕೋಳಿಮೊಟ್ಟೆಯಲ್ಲಿ ಬೆಳೆಸಿದ ಸೆಂಡೈ ವೈರಸ್ಸನ್ನು ಹಾಕಿ, ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಕಣಗಳನ್ನು ತಿರುಗಿಸಿ ಕೆಳಗಿಳಿಸಿದರೆ ಮೇಲೆ ಉಳಿಯುವ ದ್ರವದಲ್ಲಿ ಬೇಕಾದ ವಸ್ತು ಇರುತ್ತದೆ. ಅದನ್ನು ಗಾಢಗೊಳಿಸಿ, ಆಮ್ಲ ಮತ್ತು ಆಲ್ಕೋಹಾಲ್ ಬಳಸಿ ಬೇರೆ ಪ್ರೊಟೀನುಗಳನ್ನು ಆದಷ್ಟು ತೆಗೆಯಬೇಕು. ಈ ಇಂಟರ್‌ಫೆರಾನ್ ತೀವ್ರ ಆಮ್ಲವನ್ನು ತಾಳಿಕೊಳ್ಳುತ್ತದೆ, ಸೆಂಡೈ ವೈರಸ್ ತಾಳಿಕೊಳ್ಳಲಾರದು. ಆ ಒಂದು ವ್ಯತ್ಯಾಸವೇ ಮದ್ದನ್ನು ರೋಗಿಗೆ ಸುರಕ್ಷಿತವಾಗಿಸಿತು. ಇಷ್ಟೆಲ್ಲ ಮಾಡಿದರೂ ಕೊನೆಗೆ ದೊರೆಯುತ್ತಿದ್ದ ಮದ್ದಿನಲ್ಲಿ ನಿಜವಾದ ಇಂಟರ್‌ಫೆರಾನ್ ಶೇಕಡಾ ಒಂದರಷ್ಟು ಮಾತ್ರ. ಆದರೂ 1970ರ ದಶಕದಲ್ಲಿ ಲೋಕದಲ್ಲಿ ರೋಗಿಗಳ ಮೇಲೆ ಪ್ರಯೋಗಿಸಲಾದ ಇಂಟರ್‌ಫೆರಾನಿನ ಬಹುಪಾಲು ಆ ಒಂದೇ ಪ್ರಯೋಗಾಲಯದಿಂದ ಹೊರಟಿತ್ತು. ನೆಗಡಿಯ ವೈರಸ್ಸಿನ ವಿರುದ್ಧ ಮೂಗಿಗೆ ಸಿಂಪಡಿಸಿದ ಪರೀಕ್ಷೆಯಾಗಲಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಕೊಟ್ಟ ಚುಚ್ಚುಮದ್ದಾಗಲಿ, ಬಿಳಿ ಕಣಗಳಿಂದ ತೆಗೆದ ಈ ಬಗೆಯ ಮದ್ದು ಇಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ.

ವೈರಸ್ ಮದ್ದು ಕ್ಯಾನ್ಸರ್ ಕಡೆಗೆ ತಿರುಗಿದ್ದಕ್ಕೂ ಕಾಂಟೆಲ್ ಅವರ ನಂಟಿದೆ. ಯುವಕರಾಗಿದ್ದಾಗ ಅವರು ಫಿಲಡೆಲ್ಫಿಯಾದಲ್ಲಿ ವರ್ನರ್ ಹೆನ್ಲೆ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಕರ್ಟ್ ಪೌಕರ್ ಮತ್ತು ಹೆನ್ಲೆ ಅವರೊಂದಿಗೆ 1962ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಟರ್‌ಫೆರಾನ್ ಇಲಿಯ ಜೀವಕೋಶಗಳ ವಿಭಜನೆಯನ್ನೇ ನಿಧಾನಗೊಳಿಸುತ್ತದೆ ಎಂದು ಮೂವರೂ ವರದಿ ಮಾಡಿದರು. ವೈರಸ್ ಇಲ್ಲದ ಕಡೆಯೂ ಹೀಗಾಗುವುದು ಬಹಳ ಜನರಿಗೆ ಒಪ್ಪಿಗೆಯಾಗಲಿಲ್ಲ. ಮದ್ದಿನಲ್ಲಿರುವ ಕಲ್ಮಶದ ಪರಿಣಾಮವೇ ಇರಬೇಕೆಂದರು. ಮುಂದೆ ಗ್ರೆಸರ್ ಫ್ರಾನ್ಸಿನಲ್ಲಿ ಇಲಿಗಳ ಗೆಡ್ಡೆಗಳ ಮೇಲೆ ಪ್ರಯೋಗ ಮುಂದುವರಿಸಿದರು. ಹೆಲ್ಸಿಂಕಿಯಲ್ಲಿ ಕಾಂಟೆಲ್ ಜೊತೆ ಕೆಲಸ ಕಲಿತ ಸ್ವೀಡನ್ನಿನ ವೈದ್ಯ ಹಾನ್ಸ್ ಸ್ಟ್ರಾಂಡರ್, 1970ರ ದಶಕದ ಆರಂಭದಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಎಳೆಯರನ್ನು ಹೆಚ್ಚಾಗಿ ಕಾಡುವ ಮೂಳೆಯ ಕ್ಯಾನ್ಸರಿಗೆ ಈ ಮದ್ದನ್ನು ಕೊಡತೊಡಗಿದರು. ಅಲ್ಲಿ ಹಿಂದಿನ ರೋಗಿಗಳಿಗಿಂತ ಹೆಚ್ಚು ಮಂದಿ ಬದುಕುಳಿದದ್ದು ಕಂಡುಬಂತು. ಆದರೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ಹೋಲಿಸಿರಲಿಲ್ಲ, ಮದ್ದು ಪಡೆಯದವರ ಸ್ಥಿತಿಯೂ ಅದೇ ಕಾಲದಲ್ಲಿ ಸುಧಾರಿಸುತ್ತಿತ್ತು. ಹಾಗಾಗಿ ಉತ್ತರ ಖಚಿತವಾಗಲಿಲ್ಲ. ಕೈಯಲ್ಲಿದ್ದ ಮದ್ದು ಅಷ್ಟು ಕಡಿಮೆಯಿದ್ದಾಗ, ಕಾಯಿಲೆ ಅಷ್ಟು ಕ್ರೂರವಾಗಿದ್ದಾಗ, ಅರ್ಧ ಜನರಿಗೆ ಕೊಡದೆ ಉಳಿಸಲು ಒಬ್ಬ ವೈದ್ಯನಿಗೆ ಆಗಿರಲಿಕ್ಕಿಲ್ಲ ಎಂದು ನನಗೆ ಅರ್ಥವಾಗುತ್ತದೆ. ಆದರೂ ಆ ಖಚಿತತೆಯ ಕೊರತೆಗೆ ಮುಂದಿನ ವರ್ಷಗಳು ಬೆಲೆ ತೆತ್ತವು ಎಂಬುದೂ ನಿಜ.

1978ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಇಂಟರ್‌ಫೆರಾನ್ ಕೊಂಡು ಪರೀಕ್ಷಿಸಲು 20 ಲಕ್ಷ ಡಾಲರ್ ತೆಗೆದಿರಿಸಿತು. 1980ರ ಮಾರ್ಚಿನಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಅದು ಬಂತು. ಎಲ್ಲ ಕ್ಯಾನ್ಸರಿಗೂ ಮದ್ದು ಸಿಕ್ಕಿತೆಂಬಷ್ಟು ನಿರೀಕ್ಷೆ ಬೆಳೆಯಿತು.

ಈ ಗದ್ದಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಹೊತ್ತಿಗೆ ನಡೆದ ಬೇರೊಂದು ಸಂಗತಿ. ಜ್ಯೂರಿಕ್‌ನಲ್ಲಿ ಚಾರ್ಲ್ಸ್ ವೈಸ್‌ಮನ್ ಅವರ ತಂಡ ಇಂಟರ್‌ಫೆರಾನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಮದ್ದು ತಯಾರಿಸಲು ಹೊರಟಿತ್ತು. ಅದಕ್ಕೆ ಮೊದಲು ಬೇಕಾದದ್ದು ಇಂಟರ್‌ಫೆರಾನ್ ಉತ್ಪಾದನೆಯಲ್ಲಿ ತೊಡಗಿದ ಮನುಷ್ಯನ ಬಿಳಿ ಕಣಗಳು. ಅವನ್ನು ಒದಗಿಸಿದವರು ಕಾಂಟೆಲ್. ಅಲ್ಲಿ ಶಿಗೆಕಾಜು ನಾಗಾಟಾ ಮತ್ತು ಸಂಗಡಿಗರು ಜೀನನ್ನು ಪಡೆದು, 1980ರಲ್ಲಿ ಅದನ್ನು ಪ್ರಕಟಿಸಿದರು. ಆ ಕೆಲಸ ಗೆದ್ದರೆ ತಮ್ಮ ಪ್ರಯೋಗಾಲಯದ ವರ್ಷಗಳ ದುಡಿಮೆ ಹಳತಾಗುತ್ತದೆ ಎಂಬುದು ಕಾಂಟೆಲ್ ಅವರಿಗೆ ತಿಳಿಯದ್ದೇನಲ್ಲ. ತಮ್ಮ ತಯಾರಿಕಾ ವಿಧಾನಕ್ಕೂ ಅವರು ಪೇಟೆಂಟ್ ಪಡೆದಿರಲಿಲ್ಲ; ಕೇಳಿದವರಿಗೆ ಕಲಿಸಿದರು. ವಿಜ್ಞಾನಿಯೊಬ್ಬರ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಗೌರವ ಹುಟ್ಟಿಸುವ ಸಂಗತಿ ಕಡಿಮೆ.

ಬ್ಯಾಕ್ಟೀರಿಯಾದಿಂದ ಬಂದ ಶುದ್ಧ ಮದ್ದು ಎರಡು ಹಳೆಯ ಪ್ರಶ್ನೆಗಳನ್ನು ಇತ್ಯರ್ಥ ಮಾಡಿತು. ಜೀವಕೋಶಗಳ ಬೆಳವಣಿಗೆಯನ್ನು ತಡೆಯುವುದು ಕಲ್ಮಶವಲ್ಲ, ಇಂಟರ್‌ಫೆರಾನೇ. ಹಾಗೆಯೇ, ಚುಚ್ಚುಮದ್ದಿನ ನಂತರ ಬರುವ ಚಳಿ, ಜ್ವರ, ಮೈಕೈ ನೋವು ಕೂಡ ಕಲ್ಮಶದಿಂದಲ್ಲ. ಶುದ್ಧ ಮದ್ದಿನಿಂದಲೂ ಅಷ್ಟೇ ಬಂದವು. ಫ್ಲೂ ಜ್ವರದಲ್ಲಿ ನಮ್ಮನ್ನು ಹಾಸಿಗೆ ಹಿಡಿಸುವುದರಲ್ಲಿ ನಮ್ಮದೇ ದೇಹದ ಇಂಟರ್‌ಫೆರಾನಿನ ಪಾಲೂ ಇದೆ.

ಈ ಜ್ವರವನ್ನು ನಾನು ಮನೆಯಲ್ಲಿ ನೋಡಿದ್ದೇನೆ. ಹೆಪಟೈಟಿಸ್ ಸಿ ಆಗಿದ್ದ ನನ್ನ ಚಿಕ್ಕಪ್ಪನಿಗೆ ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ಜೊತೆಗೆ ದಿನವೂ ರೈಬಾವಿರಿನ್ ಮಾತ್ರೆ ನಡೆದಿತ್ತು. ಶನಿವಾರ ಸಂಜೆ ಮದ್ದು ಚುಚ್ಚಿಸಿಕೊಂಡರೆ ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲುತ್ತಿರಲಿಲ್ಲ. ಸದಾ ಮಾತನಾಡುತ್ತಿದ್ದ ಮನುಷ್ಯ ಆ ತಿಂಗಳುಗಳಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರು. ಖಿನ್ನತೆಯೂ ಈ ಮದ್ದಿನ ಪರಿಣಾಮವೆಂದು ವೈದ್ಯರು ಮೊದಲೇ ಹೇಳಿದ್ದರಿಂದ ಚಿಕ್ಕಮ್ಮ ಧೈರ್ಯಗೆಡಲಿಲ್ಲ. ವೈರಸ್ ಹೋಯಿತು. ಇಂದು ಅದೇ ಕಾಯಿಲೆಗೆ ಕೆಲವು ವಾರಗಳ ಮಾತ್ರೆಯಷ್ಟೇ ಸಾಕು. 2013ರಲ್ಲಿ ಸೊಫೊಸ್‌ಬುವಿರ್ ಎಂಬ ಮಾತ್ರೆ ಬಂದ ಮೇಲೆ ಇಂಟರ್‌ಫೆರಾನ್ ಆ ಚಿಕಿತ್ಸೆಯಿಂದ ಬಹುಬೇಗ ಹಿಂದೆ ಸರಿಯಿತು.

ಒಂದೇ ಮದ್ದು ವೈರಸ್ಸಿಗೂ ಕ್ಯಾನ್ಸರಿಗೂ ಹೇಗೆ ಎಂದು ಚಿಕ್ಕಪ್ಪನೇ ಒಮ್ಮೆ ಕೇಳಿದ್ದರು. ಇಂಟರ್‌ಫೆರಾನ್ ತಾನಾಗಿ ಯಾವ ವೈರಸ್ಸನ್ನೂ ಕೊಲ್ಲುವುದಿಲ್ಲ. ಅದು ಅಕ್ಕಪಕ್ಕದ ಜೀವಕೋಶಗಳಿಗೆ ಮುನ್ನೆಚ್ಚರಿಕೆ ಕೊಡುತ್ತದೆ. ಆ ಕೋಶಗಳು ವೈರಸ್ಸಿನ ಆರ್‌ಎನ್‌ಎ ಕತ್ತರಿಸುವ, ಪ್ರೊಟೀನ್ ತಯಾರಿಕೆಯನ್ನು ತಡೆಯುವ ಏರ್ಪಾಡುಗಳನ್ನು ಸಿದ್ಧಮಾಡಿಕೊಳ್ಳುತ್ತವೆ. ಅದರ ಜೊತೆಗೆ ತಮ್ಮೊಳಗೆ ಏನಿದೆಯೆಂದು ಹೊರಮೈಯಲ್ಲಿ ಪ್ರದರ್ಶಿಸುವ ಅಣುಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಆದ್ದರಿಂದ ದೇಹದ ಕಾವಲಿನ ಬಿಳಿ ಕಣಗಳಾದ ಟಿ ಕೋಶಗಳಿಗೆ ಅಪಾಯಕಾರಿ ಕೋಶವನ್ನು ಗುರುತಿಸುವುದು ಸುಲಭವಾಗುತ್ತದೆ. ಸಹಜ ಹಂತಕ ಕೋಶಗಳೆಂಬ ಇನ್ನೊಂದು ಬಗೆಯ ಕಾವಲು ಕಣಗಳೂ ಚುರುಕಾಗುತ್ತವೆ. ಕ್ಯಾನ್ಸರ್ ಕೋಶ ಬೆಳೆಯುವುದು ಈ ಕಣ್ಣುಗಳಿಗೆ ಬೀಳದಂತೆ ಅಡಗಿಕೊಂಡೇ ಆದ್ದರಿಂದ, ಅಲ್ಲಿಯೂ ಇದು ನೆರವಿಗೆ ಬರುತ್ತದೆ. ಎಲ್ಲ ಕ್ಯಾನ್ಸರಿನಲ್ಲಿ ಅಲ್ಲ, ಕೆಲವದರಲ್ಲಿ.

ಆ ಕೆಲವು ಯಾವುವೆಂದು ತಿಳಿಯಲು ಸಮಯ ಹಿಡಿಯಿತು. ಹೇರಿ ಸೆಲ್ ಲ್ಯುಕೀಮಿಯಾ ಎಂಬ ಅಪರೂಪದ ರಕ್ತದ ಕ್ಯಾನ್ಸರಿನ 7 ರೋಗಿಗಳಿಗೆ ಬಿಳಿ ಕಣಗಳಿಂದ ತೆಗೆದ ಅರೆಶುದ್ಧ ಇಂಟರ್‌ಫೆರಾನನ್ನೇ ಕೊಟ್ಟಾಗ ಏಳೂ ಮಂದಿಯಲ್ಲಿ ಗುಣ ಕಂಡಿತೆಂದು ಹ್ಯೂಸ್ಟನ್ನಿನ ವೈದ್ಯರು 1984ರಲ್ಲಿ ವರದಿ ಮಾಡಿದರು. 1986ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನಿಗೆ ಮೊದಲ ಅನುಮತಿ ಸಿಕ್ಕಿದ್ದು ಇದೇ ಕಾಯಿಲೆಗೆ. ಆಮೇಲೆ ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಸೇರಿಕೊಂಡವು. ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿಯೂ, 2001ರಲ್ಲಿ ಇಮಾಟಿನಿಬ್ ಮಾತ್ರೆ ಬರುವವರೆಗೆ, ಹಲವರನ್ನು ಅದು ಕಾಪಾಡಿತು. ಒಂದೊಂದಾಗಿ ಈ ಜಾಗಗಳಲ್ಲಿ ಹೆಚ್ಚಿನವನ್ನು ಹೊಸ ಮದ್ದುಗಳು ತೆಗೆದುಕೊಂಡಿವೆ, ಮೆಲನೋಮಾದಲ್ಲಿ ಟಿ ಕೋಶಗಳ ತಡೆಯನ್ನೇ ಬಿಡಿಸುವ ಪ್ರತಿಕಾಯಗಳು ಬಂದಿವೆ. ಆದರೆ ಮಜ್ಜೆಯು ಕೆಂಪು ಕಣಗಳನ್ನು ಮಿತಿಮೀರಿ ಉತ್ಪಾದಿಸುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಗೆ, ದೇಹದಲ್ಲಿ ಹೆಚ್ಚು ದಿನ ಉಳಿಯುವ ಹೊಸ ರೂಪದ ಇಂಟರ್‌ಫೆರಾನ್ 2019ರಲ್ಲಿ ಯುರೋಪಿನಲ್ಲೂ 2021ರಲ್ಲಿ ಅಮೆರಿಕದಲ್ಲೂ ಅನುಮತಿ ಪಡೆಯಿತು. ಅದನ್ನು ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳುತ್ತಾರೆ.